ಪುಡಿ ಬೀಳದ ಹರಿವಿಗಳು

“ನೀಲಿ ಸತ್ತಿತ್ತು. ಹುಬ್ಬಳ್ಳಿಯಿಂದ ಪುಡಿ ತಂದು ಹಾಕಿದ್ರು, ಎದ್ದಿತು. ಆ ಮುದುಕಿದೇನೂ ಇಲ್ಲ ಅದರಾಗ.”

ಕುಬಿಹಾಳದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಯಾರನ್ನು ಕೇಳಿದರೂ ನಮ್ಮ ನೇಕಾರ ಸಂಘದ ಬಣ್ಣದ ಶೆಡ್ಡಿನ ಕಥೆಯನ್ನು ಈ ಮೂರು ಮಾತುಗಳಲ್ಲಿ ಹೇಳಿ ಮುಗಿಸುತ್ತಾರೆ. ಮೊದಲನೆಯ ಮಾತು ಅರ್ಧ ನಿಜ. ಎರಡನೆಯದು ಪೂರ್ತಿ ಸುಳ್ಳು. ಮೂರನೆಯದು ಒಬ್ಬ ಹೆಣ್ಣುಮಗಳಿಗೆ ಆದ ಅನ್ಯಾಯ. ಸಂಘವು ಬಮ್ಮಿಗಟ್ಟಿಯಲ್ಲಿ ಎರಡನೆಯ ಶೆಡ್ ಕಟ್ಟಿಸಿ, ಅಲ್ಲಿನ ಹೆಂಗಸರಿಗೆ ಬಣ್ಣದ ಕೆಲಸ ಕಲಿಸಲು ಯಾರನ್ನು ಕಳಿಸಬೇಕೆಂದು ಚರ್ಚಿಸಿದ ದಿನ ಈ ಮೂರು ಮಾತುಗಳೇ ಸಾಕ್ಷಿಯಾಗಿ ಬಂದವು. ನೀಲಿ ತುಂಬಿದ ಮಣ್ಣಿನ ಹರಿವಿಗಳನ್ನು ಎಬ್ಬಿಸಿದ್ದು ಪುಡಿಯಾದರೆ ಮುದುಕಿಯನ್ನು ಅಷ್ಟು ದೂರ ಕಳಿಸುವುದೇಕೆ ಎಂದು ಕೇಳಿದವರ ತರ್ಕದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಅವರು ಕೇಳಿಸಿಕೊಂಡ ಸುದ್ದಿಯಲ್ಲಿ. ಆ ಸುದ್ದಿ ಎಲ್ಲಿ ಹುಟ್ಟಿತೆಂಬುದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ಆ ಚಳಿಗಾಲದ ಮೊದಲಲ್ಲಿ ಸಂಘಕ್ಕೆ ಜೀನ್ಸ್ ಬಟ್ಟೆಯ ಕೆಲಸ ಬಂತು. ಜೀನ್ಸ್ ಎಂದರೆ ಓರೆ ನೇಯ್ಗೆಯ ದಪ್ಪ ಬಟ್ಟೆ. ಉದ್ದಕ್ಕೆ ಓಡುವ ಹಾಸಿನ ನೂಲು ನೀಲಿ, ಅಡ್ಡಕ್ಕೆ ಓಡುವ ಹೊಕ್ಕಿನ ನೂಲು ಬಿಳಿ. ಅದರ ಚೆಲುವಿರುವುದು ಅದು ಮಾಸುವ ರೀತಿಯಲ್ಲಿ. ನೀಲಿಯು ನೂಲಿನ ಮೈಯನ್ನಷ್ಟೇ ಹಿಡಿದು ಒಡಲನ್ನು ಬೆಳ್ಳಗೆ ಬಿಡಬೇಕು, ತೊಡುವವರ ಮೊಣಕಾಲಿನಲ್ಲಿ, ಕಿಸೆಯ ಅಂಚಿನಲ್ಲಿ ಆ ಬಿಳುಪು ನಿಧಾನವಾಗಿ ಹೊರಗೆ ಬರಬೇಕು. ಗಿರಣಿಗಳಲ್ಲಿ ಈ ನೀಲಿಯನ್ನು ನೀರಿನಲ್ಲಿ ಕರಗಿಸಲು ಹೈಡ್ರೋ ಎಂಬ ಬಿಳಿಯ ಪುಡಿಯನ್ನು ಬಳಸುತ್ತಾರೆ. ಅರ್ಧ ತಾಸಿನಲ್ಲಿ ಕೆಲಸವಾಗುತ್ತದೆ. ನಮಗೆ ಕೆಲಸ ಕೊಟ್ಟ ಉಡುಪಿನ ಕಂಪನಿಯ ಪರವಾಗಿ ಬರುತ್ತಿದ್ದ ಹೆಣ್ಣುಮಗಳದು ಒಂದೇ ಷರತ್ತು: ಗಿಡದ ನೀಲಿ ಬೇಕು, ಅದರಲ್ಲಿ ಹೈಡ್ರೋದ ಒಂದು ಚಿಟಿಕೆಯೂ ಬೀಳಕೂಡದು. ಶೆಡ್ಡಿನ ಪಕ್ಕದ ರೈತನದೂ ಅದೇ ಷರತ್ತು. ಬೋರಿನ ಸವಳು ನೀರು ಬಣ್ಣಕ್ಕೆ ಒಗ್ಗದೆ ನಾವು ಅವನ ಕೃಷಿ ಹೊಂಡದ ಮಳೆನೀರನ್ನು ಬಳಸುತ್ತಿದ್ದೆವು. ಬಳಸಿದ ನೀರು ಹೋಗುವುದು ಅವನ ಎರೆ ಹೊಲಕ್ಕೇ.

ಶೆಡ್ಡಿನ ಉಸ್ತುವಾರಿ ನನ್ನದಾಗಿತ್ತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಬಣ್ಣದ ರಸಾಯನವನ್ನು ಹುಬ್ಬಳ್ಳಿಯ ಹಳೆಯ ಪುಸ್ತಕಗಳ ಅಂಗಡಿಗಳಿಂದ ಕಲಿತೆ. ಹಾಗೆ ಕಲಿತವರಿಗೆ ಒಂದು ರೋಗವಿರುತ್ತದೆ: ಕಿವಿಗೆ ಬಿದ್ದ ಮಾತನ್ನೆಲ್ಲ ಸಂಶಯಿಸುತ್ತಾರೆ, ಅಚ್ಚಾದ ಮಾತನ್ನು ಸಂಶಯಿಸುವುದಿಲ್ಲ. ಊರವರು ನನ್ನನ್ನು ಮಾಸ್ತರ ಎನ್ನುತ್ತಿದ್ದರು, ಅರ್ಧ ಗೌರವದಿಂದ, ಅರ್ಧ ಚೇಷ್ಟೆಯಿಂದ.

ನನ್ನ ಜೊತೆಗೆ ಕೆಲಸಕ್ಕಿದ್ದವರು ಅಣ್ಣಿಗೇರಿಯ ಬಣ್ಣಗಾರ ಮನೆತನದ ಒಬ್ಬ ವೃದ್ಧೆ. ನನಗಿಂತ ಆರೇಳು ವರ್ಷ ಹಿರಿಯರು. ಎಲ್ಲರೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಕೂಡ. ಅವರ ತವರುಮನೆಯಲ್ಲಿ ಮೂರು ತಲೆಮಾರು ನೀಲಿ ಕಾಯಿಸಿದ್ದರಂತೆ. ಪುಡಿ ಬಂದ ಮೇಲೆ ಆ ಹರಿವಿಗಳಲ್ಲಿ ಕಾಳು ತುಂಬಿಟ್ಟರಂತೆ. ಓದು ಬರಹ ಬಾರದು. ಎರಡೂ ಕೈಗಳ ಉಗುರುಗಳ ಬುಡದಲ್ಲಿ ಯಾವ ಸಾಬೂನಿಗೂ ಹೋಗದ ಒಂದು ನೀಲಿ ಗೆರೆಯಿತ್ತು.

ನಾವು ನೆಲದಲ್ಲಿ ಕುತ್ತಿಗೆಯವರೆಗೆ ಹೂತದ್ದು ಮೂರು ದೊಡ್ಡ ಹರಿವಿಗಳನ್ನು. ಹರಿವಿ ಎಂದರೆ ಒಬ್ಬಾಳು ಒಳಗಿಳಿದು ಕೂಡಬಹುದಾದಷ್ಟು ಅಗಲ ಹೊಟ್ಟೆಯ ಮಣ್ಣಿನ ಪಾತ್ರೆ. ಖಾಲಾ ಹಟ ಮಾಡಿ ಮೂಲೆಯಲ್ಲಿ ನಾಲ್ಕನೆಯದೊಂದು ಸಣ್ಣ ಹರಿವಿಯನ್ನು ಹೂಳಿಸಿದರು. ಅದು ತನ್ನದು, ಅದಕ್ಕೆ ಬೇರೆ ಯಾರೂ ಏನನ್ನೂ ಹಾಕಕೂಡದು ಎಂದರು. ಹಾಕುವುದು ಸರಳ: ನೀಲಿಯ ಗಟ್ಟಿಯನ್ನು ಅರೆದು, ನೀರು, ಸುಣ್ಣದ ತಿಳಿ, ಬೇಯಿಸಿದ ತಗಚಿ ಬೀಜ, ಗೋಧಿ ತೌಡಿನ ಗಂಜಿ, ಸ್ವಲ್ಪ ಬೆಲ್ಲ. ನೀಲಿಯು ತಾನಾಗಿ ನೀರಿನಲ್ಲಿ ಕರಗದು. ಗಂಜಿ ಹುಳಿತಾಗ ಹುಟ್ಟುವ ಸೂಕ್ಷ್ಮಜೀವಿಗಳು ಅದರೊಳಗಿನ ಆಮ್ಲಜನಕವನ್ನು ಕಿತ್ತುಕೊಂಡಾಗ ಅದು ಹಳದಿ ಹಸಿರಾಗಿ ಕರಗುತ್ತದೆ, ನೂಲಿಗೆ ಹತ್ತುತ್ತದೆ. ನೂಲಿನ ಲಡಿಯನ್ನು ಮೇಲೆತ್ತಿ ಗಾಳಿಗೆ ಹಿಡಿದರೆ ಕಣ್ಣೆದುರೇ ಹಸಿರು ನೀಲಿಯಾಗುತ್ತದೆ. ಅದು ನೂರು ಬಾರಿ ನೋಡಿದರೂ ಹಳೆಯದಾಗದ ನೋಟ. ಹೀಗೆ ಎಂಟು ಸಲ ಮುಳುಗಿಸಿ, ಎಂಟು ಸಲ ಗಾಳಿಗೆ ಹಿಡಿಯಬೇಕು.

ಹಾಗಾದರೆ ಹರಿವಿಯಲ್ಲಿರುವುದು ಜೀವ. ಅದಕ್ಕೆ ಸುಣ್ಣದ ಕ್ಷಾರ ಬೇಕು. ಕಡಿಮೆಯಾದರೆ ಕೊಳೆಯುತ್ತದೆ, ಹೆಚ್ಚಾದರೆ ಸಾಯುತ್ತದೆ. ಕ್ಷಾರವನ್ನು ಅಳೆಯಲು ನನ್ನ ಬಳಿ ಪಿಎಚ್ ಪಟ್ಟಿಗಳಿದ್ದವು. ಕಾಗದದ ತುಣುಕನ್ನು ಅದ್ದಿ, ಅದು ತಿರುಗುವ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿ ಅಂಕಿಯನ್ನು ತಿಳಿಯುವುದು. ಒಂಬತ್ತಕ್ಕೆ ಹಸಿರು ಬೆರೆತ ನೀಲಿ, ಅದರಾಚೆಗೆ ನೇರಳೆ. ಪುಸ್ತಕವು ಹತ್ತೂವರೆ ಇರಲಿ ಎಂದಿತ್ತು, ಅಂದರೆ ತುಸು ನೇರಳೆ ಕಾಣಬೇಕು. ಪ್ರತಿ ಮುಂಜಾನೆ ನಾನು ಮೂರೂ ಹರಿವಿಗಳಿಗೆ ಪಟ್ಟಿ ಅದ್ದುತ್ತಿದ್ದೆ. ಪ್ರತಿ ಮುಂಜಾನೆಯೂ ಅದು ಹಸಿರು ನೀಲಿಯನ್ನೇ ತೋರಿಸುತ್ತಿತ್ತು. ಕ್ಷಾರ ಸಾಲದು ಎಂದು ನಾನು ಸುಣ್ಣ ಹಾಕುತ್ತಿದ್ದೆ. ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ಖಾಲಾ ಅಳೆಯುತ್ತಿದ್ದದ್ದು ಬೇರೆ ರೀತಿ. ಎರಡು ಬೆರಳನ್ನು ಅದ್ದಿ ಒಂದಕ್ಕೊಂದು ಉಜ್ಜುತ್ತಿದ್ದರು. ಮೂಸುತ್ತಿದ್ದರು. ಕೆಲವೊಮ್ಮೆ ಬೆರಳ ತುದಿಯನ್ನು ನಾಲಗೆಗೆ ಮುಟ್ಟಿಸಿ ಕೂಡಲೇ ಉಗುಳುತ್ತಿದ್ದರು. ಹತ್ತನೆಯ ದಿನವಿರಬೇಕು, ನಾನು ಸುಣ್ಣದ ಕೊಡ ಎತ್ತುವಾಗ ಹೇಳಿದರು:

“ಸಾಕ್ರಿ ಮಾಸ್ತರ್ರ. ಹೊಟ್ಟಿ ಸುಡತೈತಿ ಅದರದು.”

ಪಟ್ಟಿಯನ್ನು ಅವರ ಮುಖದ ಮುಂದೆ ಹಿಡಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

“ಕಾಗದಕ್ಕ ನಾಲಿಗಿ ಐತೇನ್ರಿ?”

ನಾನು ಸುಣ್ಣ ಹಾಕಿದೆ.

ಮೂರನೆಯ ವಾರ ಹರಿವಿಗಳು ಸತ್ತವು. ಜೀವಂತ ಹರಿವಿಯ ಮೇಲೆ ತಾಮ್ರದ ಹೊಳಪಿನ ಒಂದು ಪೊರೆ, ನಡುವೆ ನೊರೆಯ ನೀಲಿ ಗೊಂಚಲು ಇರುತ್ತವೆ. ಆ ಗೊಂಚಲನ್ನು ಬಣ್ಣಗಾರರು ಹೂವು ಎನ್ನುತ್ತಾರೆ. ಆ ಮುಂಜಾನೆ ಪೊರೆಯಿರಲಿಲ್ಲ, ಹೂವಿರಲಿಲ್ಲ. ಮೂರರಲ್ಲಿಯೂ ಬರಿಯ ರಾಡಿಯಂಥ ನೀಲಿ ನೀರು. ಅದ್ದಿದ ಲಡಿ ಬೂದುಬಣ್ಣಕ್ಕೆ ಬಂದು, ತೊಳೆದಾಗ ಅದನ್ನೂ ಬಿಟ್ಟುಕೊಟ್ಟಿತು. ಹಾಸಿನ ನೂಲಿನ ಅರ್ಧ ಇನ್ನೂ ಬಿಳಿಯಾಗಿಯೇ ತೂಗುತ್ತಿತ್ತು. ಮಗ್ಗಗಳು ಖಾಲಿ ಕೂತಿದ್ದವು.

ಸಂಘದ ಅಧ್ಯಕ್ಷರು ಬಂದು ನೋಡಿದರು. ಕೆಟ್ಟ ಮನುಷ್ಯರಲ್ಲ; ನೇಕಾರರ ಕೈ ಖಾಲಿ ಇರುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಒಂದು ಡಬ್ಬಿ ಹೈಡ್ರೋ ತರಿಸಿ ಕೆಲಸ ಮುಗಿಸಿಬಿಡೋಣ, ಯಾರಿಗೆ ತಿಳಿಯುತ್ತದೆ ಎಂದರು. ಸಂಜೆಯೊಳಗೆ ಹೇಳುತ್ತೇನೆ ಎಂದು ನಾನು ಅವರನ್ನು ಕಳಿಸಿದೆ. ನನಗೆ ಬೇಕಾಗಿದ್ದದ್ದು ಪುಡಿಯಲ್ಲ, ಕಾರಣ.

ನಾಲ್ಕನೆಯ ಹರಿವಿಯ ಮುಚ್ಚಳ ತೆಗೆದೆ. ಖಾಲಾನ ಆ ಸಣ್ಣ ಹರಿವಿಯ ಮೇಲೆ ಪೊರೆ ಹೊಳೆಯುತ್ತಿತ್ತು, ಹೂವು ನಿಂತಿತ್ತು. ಅದಕ್ಕೂ ಒಂದು ಪಟ್ಟಿ ಅದ್ದಿದೆ: ಹಸಿರು ನೀಲಿ. ಸತ್ತ ಮೂರರದೂ ಹಸಿರು ನೀಲಿ. ಬದುಕಿದ್ದದ್ದರದೂ ಸತ್ತದ್ದರದೂ ಒಂದೇ ಅಂಕಿಯಾಗುವುದು ಹೇಗೆ? ಬರಿಯ ಸುಣ್ಣದ ತಿಳಿಗೆ ಒಂದು ಪಟ್ಟಿ ಅದ್ದಿದೆ. ಅದು ಕಡುನೇರಳೆಗೆ ತಿರುಗಿತು. ಪಟ್ಟಿಗಳು ಕೆಟ್ಟಿರಲಿಲ್ಲ. ಆಮೇಲೆ ಸತ್ತ ಹರಿವಿಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಮಧ್ಯಾಹ್ನದವರೆಗೆ ಅಲುಗಿಸದೆ ಇಟ್ಟೆ. ನೀಲಿಯೆಲ್ಲ ತಳಕ್ಕೆ ಕೂತು ಮೇಲೆ ತಿಳಿ ನಿಂತಿತು. ಆ ತಿಳಿಗೆ ಪಟ್ಟಿಯನ್ನು ಮುಟ್ಟಿಸಿದೆ. ಕಡುನೇರಳೆ, ಸುಣ್ಣದ ತಿಳಿಯಷ್ಟೇ ಕಡು.

ಅಷ್ಟು ದಿನ ಪಟ್ಟಿಗೆ ಬಣ್ಣ ಕೊಟ್ಟದ್ದು ಕ್ಷಾರವಲ್ಲ, ಹರಿವಿಯ ನೀಲಿಯೇ. ನೂಲಿಗೆ ಹತ್ತುವ ಬಣ್ಣ ಕಾಗದಕ್ಕೆ ಹತ್ತದಿರುತ್ತದೆಯೇ? ನಾನು ಓದಿದ್ದ ಪುಸ್ತಕಗಳಲ್ಲಿ ಪಟ್ಟಿಯ ವಿಷಯವಿತ್ತು, ನೀಲಿಯ ವಿಷಯವೂ ಇತ್ತು, ಎರಡೂ ಬೇರೆ ಬೇರೆ ಅಧ್ಯಾಯಗಳಲ್ಲಿ.

ನೋಟ್‌ಬುಕ್ಕನ್ನು ಹಿಡಿದು ಖಾಲಾನ ಎದುರು ಕುಳಿತೆ. ಹರಿವಿಗಳನ್ನು ಕೊಂದದ್ದು ನಾನು ಎಂದೆ. ಅವರು ಅಡಿಕೆ ಕತ್ತರಿಸುತ್ತಿದ್ದರು. ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

“ಸತ್ತಿಲ್ಲ ಬಿಡ್ರಿ. ಮೂರ್ಛಿ ಹೋಗ್ಯಾವ.”

ನನ್ನ ಇಡೀ ಕೆಲಸದ ಬದುಕಿನಲ್ಲಿ ನಾನು ಮಾಡಿದ ಒಂದೇ ಸರಿಯಾದ ತೀರ್ಮಾನವೆಂದರೆ ಆ ಸಂಜೆಯದು. ಪುಡಿ ಬೇಡವೆಂದು ಅಧ್ಯಕ್ಷರಿಗೆ ಹೇಳಿಕಳಿಸಿದೆ. ಮೂರೂ ಹರಿವಿಗಳನ್ನು ಖಾಲಾನ ಕೈಗೆ ಒಪ್ಪಿಸಿದೆ. ಏನು ಮಾಡಬೇಕೆಂದು ಅವರು ಹೇಳುವುದು, ನಾನು ಬರೆದುಕೊಳ್ಳುವುದು. ಸುಣ್ಣ ಪೂರ್ತಿ ಬಂದ್. ಪ್ರತಿಯೊಂದರಿಂದ ಮೂರನೆಯ ಒಂದು ಪಾಲು ತಿಳಿಯನ್ನು ಎತ್ತಿ ಚೆಲ್ಲಿ ಹೊಂಡದ ನೀರನ್ನು ಬಿಸಿ ಮಾಡಿ ತುಂಬುವುದು. ಎರಡೆರಡು ಕೊಡ ಹುಳಿತ ತೌಡಿನ ಗಂಜಿ, ಬೆಲ್ಲ. ಸಣ್ಣ ಹರಿವಿಯಿಂದ ಒಂದೊಂದು ತಂಬಿಗೆ ಜೀವಂತ ನೀರು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಕುತ್ತಿಗೆಯ ಸುತ್ತಲೂ ಬಿಸಿ ಗೊಬ್ಬರ ಒತ್ತಿ, ಮೇಲೆ ಜೋಳದ ಒಣ ದಂಟಿನ ಕಣಿಕಿ ಹೊದಿಸುವುದು. ಎಲ್ಲವನ್ನೂ ಬರೆದುಕೊಂಡೆ. ಕೊನೆಗೆ ಅವರು ಹೇಳಿದರು:

“ಇನ್ನ ಒಂದು ಸುಳ್ಳು ಹೇಳಬೇಕ್ರಿ.”

ನನಗೆ ಅರ್ಥವಾಗಲಿಲ್ಲ. ನೀಲಿ ಕೆಟ್ಟಾಗ ಊರಲ್ಲಿ ಒಂದು ದೊಡ್ಡ ಸುಳ್ಳನ್ನು ಹಬ್ಬಿಸಬೇಕಂತೆ. ಸುಳ್ಳು ಹಬ್ಬಿದಂತೆ ನೀಲಿ ಏಳುತ್ತದಂತೆ. ಅವರ ಓಣಿಯಲ್ಲಿ ಯಾರಾದರೂ ನಂಬಲಾಗದ ಸುದ್ದಿ ತಂದರೆ ‘ಯಾರ ಮನೀ ನೀಲಿ ಕೆಟ್ಟೈತ್ಲೇ?’ ಎಂದು ಕೇಳುವುದು ರೂಢಿಯಂತೆ. ಇದು ಅಜ್ಞಾನವೆಂದೆ. ಇರಲಿ ಎಂದರು. ಹಾಗಾದರೆ ನೀವೇ ಹೇಳಿ ಎಂದೆ.

“ಸುಣ್ಣಾ ಹಾಕಿದ ಕೈ ಯಾರದು? ಸುಳ್ಳೂ ಅವರ ಹೇಳಬೇಕು. ಶಲವಡಿ ಕೆರ್ಯಾಗ ಮೊಸಳಿ ಬಂದೈತಿ ಅನ್ರಿ. ಮಂದಿ ಹೋಗಿ ನೋಡ್ತಾರ, ನಕ್ಕೋತ ಬರ್ತಾರ. ಮೂರು ದಿನದಾಗ ತಾನ ಸಾಯೂವಂಥಾ ಸುಳ್ಳಿರಬೇಕು. ಮನಷ್ಯಾರ ಮ್ಯಾಲ ಹೇಳಬಾರದು.”

ಮೂರು ಹರಿವಿಗಳನ್ನು ಕೆಡಿಸಿದವನಿಗೆ ವಾದ ಮಾಡುವ ಮುಖವಿರಲಿಲ್ಲ. ಮರುದಿನ ಮುಂಜಾನೆ, ಖಾಲಾ ಹೇಳಿದ್ದನ್ನೆಲ್ಲ ಹಾಕಿ ಮುಗಿಸಿ, ಮೊಸಳೆಯನ್ನು ಬಾಯಲ್ಲಿ ಇಟ್ಟುಕೊಂಡು ಚಹಾದಂಗಡಿಗೆ ಹೋದೆ. ಅಂಗಡಿಯವನು ಕಪ್ಪು ಇಡುತ್ತಲೇ ನಿಮ್ಮ ನೀಲಿ ಏನಾಯಿತೆಂದು ಕೇಳಿದ. ನಾಲ್ಕಾರು ಜನ ತಿರುಗಿ ನೋಡಿದರು. ಮೊಸಳೆಯನ್ನು ಹೇಗೆ ಹೊರಗೆ ತರುವುದೆಂದು ನನಗೆ ತಿಳಿಯಲಿಲ್ಲ. ಸುಳ್ಳು ಹೇಳಿ ರೂಢಿಯಿಲ್ಲದ ಬಾಯಿ ಕೈಗೆ ಹತ್ತಿರವಿದ್ದ ಸುಳ್ಳನ್ನೇ ಎತ್ತಿಕೊಂಡಿತು.

“ಹುಬ್ಬಳ್ಳಿಯಿಂದ ಪುಡಿ ತರಿಸಿ ಹಾಕೀನಿ,” ಎಂದೆ.

ಯಾರೂ ನಗಲಿಲ್ಲ. ಒಬ್ಬ ಛಲೋ ಆತು ಬಿಡ್ರಿ ಎಂದ.

ಶೆಡ್ಡಿಗೆ ಮರಳಿ ಬಂದಾಗ ಖಾಲಾ ಏನು ಹೇಳಿದಿರೆಂದು ಕೇಳಲಿಲ್ಲ, ಕೇಳುವುದು ಪದ್ಧತಿಯಲ್ಲವಂತೆ. ನಾನೂ ಹೇಳಲಿಲ್ಲ. ಹಾಕಿದ್ದೆಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ.

ಆ ದಿನದಿಂದ ನಾನು ಒಂದು ಪರೀಕ್ಷೆ ಇಟ್ಟುಕೊಂಡೆ. ಪ್ರತಿ ಮುಂಜಾನೆ ಮೊದಲನೆಯ ದೊಡ್ಡ ಹರಿವಿಗೆ ಗೇಣುದ್ದದ ಒಂದು ಬಿಳಿ ನೂಲಿನ ಎಳೆಗಂಟನ್ನು ನೂರು ಎಣಿಸುವವರೆಗೆ ಅದ್ದಿ, ಗಾಳಿಗೆ ಹಿಡಿದು, ಅಂಟುವಾಳದ ನೀರಿನಲ್ಲಿ ತೊಳೆದು, ಒಂದು ಹಗ್ಗಕ್ಕೆ ಸಾಲಾಗಿ ಕಟ್ಟುವುದು. ಮೊದಲ ದಿನದ ಗಂಟು ಬೂದಿ. ಎರಡನೆಯ ದಿನದ್ದೂ ಬೂದಿ. ಆ ದಿನ ಅಧ್ಯಕ್ಷರು ಮತ್ತೆ ಬಂದು ಹಗ್ಗವನ್ನು ನೋಡಿ ಹೋದರು. ಮೂರನೆಯ ದಿನದ್ದರಲ್ಲಿ ಮಜ್ಜಿಗೆಯಲ್ಲಿ ಒಂದು ಹನಿ ಶಾಯಿ ಬಿದ್ದಷ್ಟು ನೀಲಿ. ನಾಲ್ಕನೆಯ ದಿನ ನೀರು ಹಳದಿಗೆ ತಿರುಗಿ ಹುಳಿ ವಾಸನೆ ಬಂತು, ಗಂಟು ಆಕಾಶದ ಬಣ್ಣಕ್ಕೆ ಬಂತು. ಐದನೆಯ ದಿನ ಪೊರೆ ಕಟ್ಟಿತು. ಆರನೆಯ ದಿನ ಖಾಲಾ ಕಣಿಕಿ ಸರಿಸಿ, ಒಳಗೆ ಬಗ್ಗಿ ನೋಡಿ, ನನಗೆ ಬೆರಳು ಮಾಡಿ ತೋರಿಸಿದರು. ಮೂರರಲ್ಲಿಯೂ ಹೂವು ನಿಂತಿತ್ತು.

ಹಾಸು ಮುಗಿಯಿತು, ಮಗ್ಗಗಳು ನಡೆದವು. ಮಾಸಿದ ಮಾದರಿಗಾಗಿ ಕಂಪನಿಯವರು ಬಟ್ಟೆಯನ್ನು ಕಲ್ಲಿನ ಜೊತೆ ತಿರುವುತ್ತಾರೆ. ನಾವು ಕಲಘಟಗಿ ಕಡೆಯ ಗೋವಿನಜೋಳದ ಒಣ ಬೆಂಡನ್ನು ಕುಟ್ಟಿ ಅದರಲ್ಲಿ ಉಜ್ಜಿ ತೊಳೆದೆವು. ಓರೆ ಗೆರೆಗಳ ನಡುವಿನಿಂದ ಬಿಳುಪು ಮೆಲ್ಲಗೆ ಎದ್ದು ಬಂತು. ಕಂಪನಿಯ ಪರವಾಗಿ ಖರೀದಿಗೆ ಬಂದ ಆ ಹೆಣ್ಣುಮಗಳು ಬಟ್ಟೆಯನ್ನು ಬಹಳ ಹೊತ್ತು ಸವರಿ ನೋಡಿದಳು. ಆಮೇಲೆ ಅದನ್ನು ಮಡಚಿಟ್ಟು, ಬರುವಾಗ ಬಸ್ ನಿಲ್ದಾಣದಲ್ಲಿ ಒಂದು ಮಾತು ಕೇಳಿದೆ, ಪುಡಿ ಹಾಕಿದ್ದು ನಿಜವೇ ಎಂದಳು.

ನಾನು ಖಾಲಾನ ಮುಖ ನೋಡಲಾರದೆ ಹೋದೆ. ಸುಳ್ಳು ಯಾವುದಾಗಿತ್ತೆಂದು ಅವರಿಗೆ ತಿಳಿದದ್ದು ಆಗಲೇ. ಮೊದಲು ನಕ್ಕರು. ಆಮೇಲೆ ಸೆರಗಿನ ಅಂಚಿನಿಂದ ಬಾಯಿ ಒರೆಸಿಕೊಂಡರು.

“ಮೊಸಳಿ ಅನ್ನಾಕ ಏನಾಗಿತ್ತರಿ ನಿಮಗ?”

ಆ ಹೆಣ್ಣುಮಗಳಿಗೆ ಎಲ್ಲವನ್ನೂ ಹೇಳಿದೆ; ಹಗ್ಗವನ್ನು ಕೈಗೆ ಕೊಟ್ಟೆ. ಪುಡಿ ಬಿದ್ದಿದ್ದರೆ ಹರಿವಿ ಅರ್ಧ ತಾಸಿನಲ್ಲಿ ಏಳುತ್ತಿತ್ತು, ಬೂದಿಯ ಪಕ್ಕದ ಗಂಟೇ ಕಡುನೀಲಿಯಾಗುತ್ತಿತ್ತು; ಇಲ್ಲಿ ನೀಲಿ ಆರು ದಿನ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದೆ ಎಂದೆ. ಅವಳು ಗಂಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು, ನೋಟ್‌ಬುಕ್ಕಿನ ದಿನಗಳ ಜೊತೆ ಕೂಡಿಸಿ ನೋಡಿದಳು. ಬಟ್ಟೆ ಒಯ್ದಳು.

ಊರು ಅಷ್ಟು ಸುಲಭವಾಗಿರಲಿಲ್ಲ. ಆ ಸಂಜೆಯೇ ಚಹಾದಂಗಡಿಗೆ ಹೋಗಿ, ನಾನು ಹೇಳಿದ್ದು ಸುಳ್ಳು, ಎಬ್ಬಿಸಿದ್ದು ಖಾಲಾ ಎಂದು ಎಲ್ಲರ ಮುಂದೆ ಹೇಳಿದೆ. ನೀಲಿ ಕೆಟ್ಟಾಗ ಸುಳ್ಳು ಹೇಳುವ ಪದ್ಧತಿಯನ್ನೂ ವಿವರಿಸಿದೆ. ಅಂಗಡಿಯವನು ಕಪ್ಪು ತೊಳೆಯುತ್ತ ಪೂರ್ತಿ ಕೇಳಿದ.

“ಹಂಗಾರ ಈಗ ಯಾವ ಹರಿವಿ ಕೆಟ್ಟೈತ್ರಿ ಮಾಸ್ತರ್ರ?”

ಅಂದು ಅಂಗಡಿಯಲ್ಲಿ ಎಲ್ಲರೂ ನಕ್ಕರು. ನಲವತ್ತು ವರ್ಷ ಸುಳ್ಳಾಡದವನೆಂದು ಹೆಸರಾಗಿದ್ದೆ. ಆ ಹೆಸರೇ ನನ್ನ ಮೊದಲ ಮಾತಿಗೆ ಜಾಮೀನಾಗಿ ನಿಂತಿತ್ತು. ಮೊಸಳೆಯಾಗಿದ್ದರೆ ಮೂರು ದಿನದಲ್ಲಿ ಸಾಯುತ್ತಿತ್ತು.

ಹೀಗಾಗಿ ಬಮ್ಮಿಗಟ್ಟಿಯ ಮಾತು ಬಂದಾಗ ಸಂಘದ ಸಭೆಯಲ್ಲಿ ಮುಕ್ಕಾಲು ಪಾಲು ಜನ ಪುಡಿಯ ಪರವಾಗಿದ್ದರು. ಖಾಲಾ ಬಾಗಿಲ ಬಳಿ ಕೂತಿದ್ದರು. ಉಗುರಿನ ನೀಲಿಯನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತಿದ್ದರು. ನಾನು ಎದ್ದು ವಾದಿಸಲಿಲ್ಲ. ನನ್ನ ಬಾಯಿಗೆ ಈಗ ಬೆಲೆಯಿಲ್ಲವೆಂದು ಗೊತ್ತಿತ್ತು. ಹಗ್ಗವನ್ನು ಮೇಜಿನ ಮೇಲಿಟ್ಟೆ, ನೋಟ್‌ಬುಕ್ಕಿನಲ್ಲಿ ಚಹಾದಂಗಡಿಯಿಂದ ಬಂದ ಮುಂಜಾನೆಯೇ ಬರೆದಿದ್ದ ಪುಟ ತೆರೆದು ಅಧ್ಯಕ್ಷರಿಗೆ ಕೊಟ್ಟು, ಗಟ್ಟಿಯಾಗಿ ಓದಬೇಕೆಂದು ಕೇಳಿಕೊಂಡೆ. ಅವರು ಓದಿದರು. ಕೊನೆಯ ಸಾಲಿಗೆ ಬಂದಾಗ ನಿಂತರು. ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡು ಖಾಲಾನ ಕಡೆ ತಿರುಗಿದರು.

“ಬಮ್ಮಿಗಟ್ಟಿಗೆ ಯಾವಾಗ ಹೊಂಡ್ತೀರಿ ಖಾಲಾ?”

ಖಾಲಾ ಸಣ್ಣ ಹರಿವಿಯ ಹೆಪ್ಪನ್ನು ಒಯ್ಯಲು ಒಂದು ಗಾಡಿ ಬೇಕೆಂದರು. ಮಾಸ್ತರರೂ ಬರಲಿ ಎಂದರು, “ಬರಿಯಾಕ. ಮಾತಾಡಾಕಲ್ಲ.”

ಈಗ ಬಮ್ಮಿಗಟ್ಟಿಯ ಹೆಂಗಸರು ಎರಡು ಬೆರಳು ಅದ್ದಿ ಉಜ್ಜುತ್ತಾರೆ. ನಾನು ತಿಳಿ ನಿಲ್ಲಿಸಿ ಪಟ್ಟಿ ಅದ್ದುತ್ತೇನೆ. ಎರಡೂ ಬಹುತೇಕ ಕೂಡುತ್ತವೆ. ಕೂಡದಿದ್ದಾಗ ಬೆರಳಿನ ಮಾತು ನಡೆಯುತ್ತದೆ. ಒಮ್ಮೆ ಅಲ್ಲಿನ ಕಟ್ಟೆಯ ಮೇಲೆ ಕೂತು, ಆ ಸುಳ್ಳಿನಿಂದ ನೀಲಿಗೆ ನಿಜವಾಗಿ ಏನಾಗುತ್ತದೆ ಎಂದು ಖಾಲಾನನ್ನು ಕೇಳಿದೆ. ನೀಲಿಗೆ ಏನಾಗುತ್ತದೋ ತನಗೆ ತಿಳಿಯದು ಎಂದರು.

“ಸುಳ್ಳು ಹೇಳಾಕ ಊರಾಗ ಹೋದಾಂವ ಅಷ್ಟೊತ್ತರ ಹರಿವ್ಯಾಗ ಕೈ ಆಡಸೂದಿಲ್ಲಲ್ರಿ.”

ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ. ಆದರೂ ಸುಳ್ಳಿಲ್ಲದೆ ಆ ಹರಿವಿಗಳು ಏಳುತ್ತಿದ್ದವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಹಾಗೆ ಮಾಡಿ ನೋಡಿಲ್ಲ.

ಕುಬಿಹಾಳದ ಚಹಾದಂಗಡಿಯಲ್ಲಿ ಆ ಮೂರು ಮಾತುಗಳು ಇನ್ನೂ ನಡೆಯುತ್ತಿವೆ. ನಂಬುವ ಮೊದಲು ಅಲ್ಲಿಂದ ಶೆಡ್ಡಿಗೆ ನಡೆದು ಬರಬೇಕೆಂದು ಓದುವವರನ್ನು ಕೇಳಿಕೊಳ್ಳುತ್ತೇನೆ. ಹಗ್ಗ ಬಾಗಿಲ ಒಳಬದಿಯ ಮೊಳೆಗೆ ತೂಗುತ್ತಿದೆ; ಆರು ಗಂಟುಗಳು, ಬೂದಿಯಿಂದ ಕಡುನೀಲಿಯವರೆಗೆ. ನೋಟ್‌ಬುಕ್ ಅದರ ಕೆಳಗಿನ ಗೂಡಿನಲ್ಲಿದೆ. ಅಧ್ಯಕ್ಷರು ಓದಿದ ಆ ಮುಂಜಾನೆಯ ಪುಟದ ಮೂಲೆಯಲ್ಲಿ ಖಾಲಾನ ನೀಲಿ ಹೆಬ್ಬೆಟ್ಟಿನ ಗುರುತಿದೆ. ಹರಿವಿಗೆ ಹಾಕಿದ್ದನ್ನೆಲ್ಲ ಬರೆಯಬೇಕೆಂಬುದು ನನ್ನ ನಿಯಮವಾಗಿದ್ದರಿಂದ ಯಾವುದನ್ನೂ ಬಿಟ್ಟಿಲ್ಲ:

“ಸುಣ್ಣ: ಇಲ್ಲ. ಪುಡಿ: ಇಲ್ಲ. ಹೊಂಡದ ಬಿಸಿನೀರು: ಮೂರನೆಯ ಒಂದು ಪಾಲು. ತೌಡಿನ ಗಂಜಿ: ಹರಿವಿಗೆ ಎರಡು ಕೊಡ. ಬೆಲ್ಲ: ಒಂದೊಂದು ಅಚ್ಚು. ಸಣ್ಣ ಹರಿವಿಯ ನೀರು: ಒಂದೊಂದು ತಂಬಿಗೆ, ಖಾಲಾನ ಕೈಯಿಂದ. ಸುಳ್ಳು: ಒಂದು, ಪುಡಿಯ ಬಗ್ಗೆ, ಚಹಾದಂಗಡಿಯಲ್ಲಿ, ನನ್ನ ಬಾಯಿಂದ.”